ಗಂಗೋತ್ರಿ ಮೇಲಿನ ದೂರು

“ಬಾಯಾಗ ಕಡುಬು ಇಟ್ಕೊಂಡಾಳೇನ್ರಿ ನಿಮ್ಮ ಗಂಗೋತ್ರಿ? ಏನು ಕೇಳಿದ್ರೂ ಮಾತಿಲ್ಲ!”

ಇರ್ಫಾನಾ ಟೀಚರ್ ಮೇಜು ಕುಟ್ಟಿದರು. ಎದುರಿಗೆ ನಿಂತಿದ್ದ ಶಿವಬಸಮ್ಮ ತಲೆ ತಗ್ಗಿಸಿದಳು. ಮಗಳ ಮೇಲಿನ ದೂರು ಕೇಳಲೆಂದೇ ಅವಳು ಬಾದನಹಟ್ಟಿಯಿಂದ ಬಸ್ಸು ಹಿಡಿದು ಬಳ್ಳಾರಿಗೆ ಬಂದಿದ್ದಳು. ತಿಂಗಳಿಗೊಮ್ಮೆ ಈ ಕರೆ ಬರುವುದು ಇದ್ದದ್ದೇ.

ಪಾರ್ವತಿನಗರದ ಆಚೆಗಿನ ಆ ಸರ್ಕಾರಿ ಪ್ರೌಢಶಾಲೆ ಚಿಕ್ಕದು. ಹಾಡು, ಚಿತ್ರ, ನಾಟಕ ಬಲ್ಲ ಮಕ್ಕಳಿಗೆಂದೇ ತೆರೆದದ್ದು. ಹಾಗಂತ ಹತ್ತನೇ ತರಗತಿಯ ಗಣಿತ ಯಾರನ್ನಾದರೂ ಬಿಡುತ್ತದೆಯೇ? ಬಣ್ಣ ಹಚ್ಚುವವರಿಗೂ ಅದೇ ಪ್ರಶ್ನೆಪತ್ರಿಕೆ, ತಾಳ ಹಾಕುವವರಿಗೂ ಅದೇ. ಅದನ್ನು ಕಲಿಸುವವರು ಇರ್ಫಾನಾ ಟೀಚರ್. ಅವರ ಕೈಯಲ್ಲಿ ಕಲಿತವರು ಫೇಲಾದದ್ದಿಲ್ಲ ಎಂಬ ಹೆಸರಿತ್ತು.

“ನಾಟಕದಾಗ ರಾಣಿ ಆದ್ರ ಸಾಕೇನು? ಪರೀಕ್ಷೆ ಯಾರು ಬರೀಬೇಕು? ಹೆತ್ತೋರಿಗೆ ಹೆಗ್ಗಣ ಮುದ್ದು ಅಂತ ನೀವು ಸುಮ್ನಿದ್ರ ಹೆಂಗ? ನೋಡ್ರಿ, ಹೆಂಗ ಕುಂತಾಳ!”

ಟೀಚರ್ ಕಿಟಕಿ ಪಕ್ಕದ ಬೆಂಚಿನತ್ತ ಕೈ ಮಾಡಿದರು. ಶಿವಬಸಮ್ಮ ಅತ್ತ ನೋಡಿದಳು. ತರಗತಿಯ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಗೆಳತಿಯನ್ನು ಬೈಯುವಾಗ ಕಿಸಕ್ಕನೆ ನಗುವ ವಯಸ್ಸು, ಒಬ್ಬರೂ ನಗಲಿಲ್ಲ.

“ಇನ್ನೊಂದು ಮಾತು. ದಿನಾ ಒದ್ದಿ ತಲಿಲೆ ಬರ್ತಾಳ. ಬೆಂಚೆಲ್ಲಾ ನೀರು. ತಲಿ ಒರಿಸಿ ಕಳಸಾಕ ಆಗಂಗಿಲ್ಲೇನು ನಿಮಗ?”

ಶಿವಬಸಮ್ಮನ ಕೈ ತಾನಾಗಿ ಸೆರಗು ಹಿಡಿಯಿತು.

“ಒರಸ್ತೀನ್ರಿ.”

“ಹಿಂಗಾದ್ರ ನಾ ಹೆಸರು ತೆಗೆದು ಹಾಕ್ತೀನಿ. ನನಗೂ ಸಾಕಾಗೈತಿ.”

“ಅಯ್ಯೋ, ಅದೊಂದು ಮಾಡಬ್ಯಾಡ್ರಿ ಟೀಚರ್! ನಿಮ್ಮ ಕಾಲಿಗೆ ಬೀಳ್ತೀನಿ. ಬೈರಿ, ಹೊಡೀರಿ. ಹೆಸರು ಮಾತ್ರ ಇರಲಿ.”

ಅವಳಿಗೆ ಬೇಕಾದದ್ದು ಅಷ್ಟೇ. ಪಾಸು, ಫೇಲು, ರ‍್ಯಾಂಕು ಯಾವುದೂ ಬೇಡ. ಆ ತರಗತಿಯಲ್ಲಿ ಮಗಳ ಹೆಸರನ್ನು ಕೂಗುತ್ತಿರಬೇಕು. ಅದೂ ತಪ್ಪಿಹೋದರೆ ತಾನು ಹೇಗೆ ಬದುಕುವುದು ಎಂದು ಅವಳಿಗೆ ನಿಜವಾಗಿಯೂ ಭಯವಾಯಿತು.

ಟೀಚರ್ ಮೆತ್ತಗಾದರು. “ಶ್ಯಾಣೆ ಹುಡುಗಿರಿ. ಅದಕ್ಕ ಸಿಟ್ಟು ಬರ್ತೈತಿ. ಮುಂದಿನ ತಿಂಗಳು ಬರ್ರಿ, ನೋಡೋಣ.”

ಶಿವಬಸಮ್ಮ ತಂದಿದ್ದ ಶೇಂಗಾ ಉಂಡಿಯನ್ನು ಬೆಂಚಿನ ಮೇಲಿಟ್ಟಳು. ಹಲಗೆಯನ್ನೊಮ್ಮೆ ಸವರಿದಳು. ಅಂಗೈ ತಣ್ಣಗಾಯಿತು. ತಿರುಗಿ ನೋಡದೆ ಹೊರಗೆ ನಡೆದಳು.

ಗೇಟಿನ ಬಳಿ ಹೆಡ್‌ಮಾಸ್ತರ್ ವಿರೂಪಾಕ್ಷಪ್ಪ ಕಾದು ನಿಂತಿದ್ದರು. ಅವಳನ್ನು ಕಂಡವರೇ ಕೈ ಮುಗಿದರು.

“ತಪ್ಪು ತಿಳೀಬ್ಯಾಡಮ್ಮಾ. ಟೀಚರ್ ಪಾಠ ಎಲ್ಲಾ ಸರಿ ಮಾಡ್ತಾರ, ಇದೊಂದರಾಗ ಅವರ ತಲಿ ನಿಲ್ಲವಲ್ದು. ಕಾಲುವಿಯಿಂದ ಗಂಗೋತ್ರಿ ಹೆಣ ಎತ್ತಿದಾಗ ಅವರೂ ಅಲ್ಲೇ ಇದ್ರು, ಮಣ್ಣಿಗೂ ಬಂದಿದ್ರು. ಆದ್ರೂ ಹಿಂಗ. ಅವರು ಕರೆದ್ರು ಅಂತ ನೀವ್ಯಾಕ ಬರ್ತೀರಿ? ಇನ್ನ ಬರಬ್ಯಾಡ್ರಿ.”

ಶಿವಬಸಮ್ಮ ಕಣ್ಣೊರೆಸಿಕೊಂಡಳು. “ಊರಾಗ ಈಗ ಎಲ್ಲಾರೂ ಅಕಿನ್ನ ಹೊಗಳೋರ ಸರ್, ಬದುಕಿರೋರ್ನ ಬೈದಂಗ ನನ್ನ ಮಗಳನ್ನ ಬೈಯೋರು ಟೀಚರ್ ಒಬ್ರ ಉಳದಾರ.”