ಕೌದಿಯ ಒಳಮೈ

ಊರಿನ ಸಮುದಾಯ ಭವನದಲ್ಲಿ ತಿಂಗಳೊಪ್ಪತ್ತು ತಂಗಿ ಚಿತ್ರ ಬರೆಯಲು ಬಂದ ಕಲಾವಿದ ಚಳಿಗೆ ನಡುಗುವುದನ್ನು ಕಂಡು, ಭವನದ ಕೀಲಿ ಕಾಯುವ ಕಾಶವ್ವ ತನ್ನ ಕೌದಿಯನ್ನೇ ತಂದು ಹೊದೆಯಲು ಕೊಟ್ಟಳು. ತೀರಿಹೋದ ತಾಯಿಯ ಸೀರೆಗಳನ್ನೆಲ್ಲ ಸೇರಿಸಿ ಹೊಲಿದ ಕೌದಿ ಅದು.

ವಾರ ಕಳೆಯುವುದರೊಳಗೆ ಕೌದಿ ಹನ್ನೆರಡು ತುಂಡಾಗಿ, ಗಾಜಿನ ಚೌಕಟ್ಟು ಸೇರಿ ಗೋಡೆ ಏರಿತ್ತು.

"ಕತ್ತರಿಸಿಬಿಟ್ರೇನ್ರೀ ಸಾಹೇಬ್ರ? ನಮ್ಮವ್ವನ ಸೀರಿ ಅವು!"

"ಹಳೇ ಬಟ್ಟೆಗೆ ಹೊಸ ಜೀವ ಕೊಟ್ಟಿದ್ದೀನಮ್ಮ. ನೀವು ಖುಷಿಪಡಬೇಕು," ಎಂದು ಅವನು ನಕ್ಕ.

ತಿಂಗಳ ಕೊನೆಗೆ ಅವನು ಆರು ಚಿತ್ರ ಬರೆದು ಸಹಿ ಹಾಕಿ, ಕ್ಯಾನ್ವಾಸುಗಳನ್ನು ಸುರುಳಿ ಸುತ್ತಿ ಭವನದಲ್ಲೇ ಇಟ್ಟು, ಪ್ರದರ್ಶನಕ್ಕೆ ಅತಿಥಿಗಳನ್ನು ಕರೆತರಲು ಪಟ್ಟಣಕ್ಕೆ ಹೋದ. ಆ ಮೂರು ದಿನ ಓಣಿಯ ಹೆಂಗಸರೆಲ್ಲ ಸೂಜಿದಾರ ಹಿಡಿದು ಭವನದಲ್ಲೇ ಕೂತರು.

ಪ್ರದರ್ಶನದ ದಿನ ಅವನು ಅತಿಥಿಗಳೊಡನೆ ಬಂದಿಳಿದ ಕೂಡಲೇ, ಅವರೆಲ್ಲರ ಮುಂದೆ, ಕಾಶವ್ವ ಅವನಿಗೆ ಹೊಸ ಕೌದಿ ಹೊದ್ದಿಸಿದಳು. ಚಪ್ಪಾಳೆ ಬಿತ್ತು. ಅವನ ಕಣ್ಣು ತುಂಬಿ ಬಂತು.

"ನನಗೋಸ್ಕರ ಹೊಲಿದ್ರಾ? ಸ್ವಲ್ಪ ಬಿರುಸಾಗಿದೆ, ಅಲ್ವಾ?"

"ಹೊಸದೈತಲ್ರಿ. ಹೊದ್ದಂಗ ಹೊದ್ದಂಗ ಮೆತ್ತಗ ಆಗತೈತಿ. ಒಳಮೈ ತಿರುವಿ ನೋಡ್ರಿ, ನಾವೂ ಹೊಸ ಜೀವ ಕೊಟ್ಟೇವಿ."

ಅವನು ತಿರುವಿದ. ಅಂಗೈಯಗಲದ ಬಣ್ಣಬಣ್ಣದ ತುಂಡುಗಳ ನಡುವೆ ಅವನವೇ ಆರು ಸಹಿಗಳು, ಒಂದೊಂದರ ಸುತ್ತಲೂ ಒತ್ತಾದ ಹೊಲಿಗೆ.