ತಾಮ್ರದ ಕೊಡದಲ್ಲಿ ಕೆರೆ

ಕೆರೆಗಳು ಬತ್ತಿದ ಮೇಲೆ ಒಂದೊಂದು ಕೆರೆಯ ಪಾಚಿಯನ್ನು ಒಂದೊಂದು ಮನೆಯವರು ಗಾಜಿನ ಭರಣಿಯಲ್ಲಿ ಸಾಕುತ್ತಾರೆ. ಸೋಮವಾರಕ್ಕೊಮ್ಮೆ ಹೋಗಿ ನೋಡಿಬರುವುದು ನನ್ನ ಕೆಲಸ. ಹಾವೇರಿ ಸೀಮೆಯ ನಾಗತಿಕೆರೆ ಇರುವುದು ನೀಲವ್ವನ ಮನೆಯಲ್ಲಿ. ಅದರ ಹನ್ನೊಂದು ಬಗೆಯ ಪಾಚಿ ಬೇರೆಲ್ಲೂ ಉಳಿದಿಲ್ಲ.

ಈ ಸಲ ಕಿಟಕಿಯಲ್ಲಿ ಭರಣಿ ಇರಲಿಲ್ಲ.

"ಕೆರಿ ಎಲ್ಲೈತಬೇ ಯವ್ವಾ?"

"ದೇವರ ಮನ್ಯಾಗ ಐತ್ರೀ ಬಾಯಾರ. ಗಂಗವ್ವ ಅಂದ್ರ ದೇವರು, ಉಪ್ಪಿನಕಾಯಿ ಭರಣ್ಯಾಗ ಹೆಂಗ ಇಡೂದ್ರೀ? ನನ್ನ ತವರಿನ ತಾಮ್ರದ ಕೊಡಾ ಹುಣಸಿಹಣ್ಣು ಹಚ್ಚಿ ತಿಕ್ಕಿ, ಅದರಾಗ ಹಾಕೇನಿ."

ಕೊಡ ಫಳಫಳ ಹೊಳೆಯುತ್ತಿತ್ತು. ಕುಂಕುಮ ಹಚ್ಚಿ ದಾಸವಾಳ ಏರಿಸಿದ್ದಳು. ಬಗ್ಗಿ ನೋಡಿದರೆ ಹಸಿರಿನ ಸುಳಿವೇ ಇಲ್ಲ. ತಳದಲ್ಲಿ ಒಂದಿಷ್ಟು ಬೂದು ಗಸಿ. ಭರಣಿಯ ಜೊತೆ ಹದಿನಾರು ಪುಟ ಸೂಚನೆ ಕೊಟ್ಟಿದ್ದೆವು. ತಾಮ್ರ ಪಾಚಿಗೆ ವಿಷವೆಂಬ ಒಂದು ಮಾತು ಅದರಲ್ಲಿರಲಿಲ್ಲ.

"ಎಷ್ಟು ತಿಳಿ ಆಗೇತಿ ನೋಡ್ರೀ!" ನೀಲವ್ವ ಹಿಗ್ಗಿನಿಂದ ಲೋಟ ಅದ್ದಿ ನನ್ನ ಕೈಗಿಟ್ಟಳು. "ನಾ ಸಣ್ಣಾಕಿ ಇದ್ದಾಗ ಹಿಂಗ ಇತ್ತು. ಕುಡೀರಿ, ನಮ್ಮ ಕೆರಿ ನೀರು."

ಕುಡಿದೆ.

"ಹೆಂಗೈತ್ರೀ?"

"ಸಿಹಿ ಐತಬೇ," ಎಂದೆ.