ಕಲ್ಲಿನ ಮೇಲೆ ನಾಲ್ಕನೆಯ ಹೆಸರು

"ನಿಮ್ಮಪ್ಪ ಅವತ್ತು ಸನಿಕೆ ಹಿಡಿದಿದ್ನಾ? ಹೌದೋ ಅಲ್ವೋ, ಅಷ್ಟು ಹೇಳು ಸಾಕು," ಎಂದು ಎಂಗೆಲ್‌ಬರ್ಟ್ ಸಾಟ್ಲರ್ ಮೇಜು ಗುದ್ದಿದ. ಬಿಯರ್ ಲೋಟಗಳು ಅಲುಗಾಡಿದವು.

"ಹಿಡಿದಿರಲಿಲ್ಲ," ಎಂದಳು ಹೆಡ್ವಿಗ್ ಟ್ರುಮರ್. "ಆದ್ರೂ ಆ ಕಲ್ಲಿನ ಮೇಲೆ ಅವರ ಹೆಸರು ಬರಬೇಕು."

ಟ್ರಾಮ್ ಓಡಿಸಿ ನಿವೃತ್ತನಾದ ಎಂಗೆಲ್‌ಬರ್ಟ್ ಈಗ ಮಿಟರ್‌ಬಾಖ್ ಇತಿಹಾಸ ಸಂಘದ ಅಧ್ಯಕ್ಷ. ಟ್ರಾಮಿನ ಕೊನೆಯ ನಿಲ್ದಾಣದ ಎದುರಿಗಿರುವ ಹೋಟೆಲಿನಲ್ಲಿ ತಿಂಗಳಿಗೊಂದು ಸಭೆ. ಹೆಡ್ವಿಗ್ ಅವನ ಜೊತೆ ಒಂದೇ ಶಾಲೆಯಲ್ಲಿ ಓದಿದವಳು. ಹಾಗಾಗಿ ಇಬ್ಬರ ಜಗಳಕ್ಕೆ ಮರ್ಯಾದೆಯ ಮುಚ್ಚಳವಿರಲಿಲ್ಲ. ಹನ್ನೊಂದು ವರ್ಷಗಳಿಂದ, ಅಂದರೆ ತನ್ನಪ್ಪ ಫ್ಲೋರಿಯಾನ್ ತೀರಿಕೊಂಡಾಗಿನಿಂದ, ಪ್ರತಿ ಸಭೆಗೂ ಬಂದು ಅವಳು ಇದೊಂದೇ ರಾಗ ಎಳೆಯುತ್ತಿದ್ದಳು.

ಮಿಟರ್‌ಬಾಖ್‌ನವರಿಗೆ ಸಿಟ್ಟು ಹೊಸದೇನಲ್ಲ. ೧೯೩೮ರಲ್ಲಿ ಯಾರನ್ನೂ ಒಂದು ಮಾತು ಕೇಳದೆ ಪಕ್ಕದ ಗ್ರಾಟ್ಸ್ ನಗರ ಈ ಹಳ್ಳಿಯನ್ನು ನುಂಗಿ ಹಾಕಿತ್ತು. ಪ್ಲೇಗ್ ಮಾರಿ ತೊಲಗಿದ ನೆನಪಿಗೆ ನಿಲ್ಲಿಸಿದ ಕಂಬ, ಕಾಗದದ ಗಿರಣಿ, ಗುಡ್ಡದ ಮೇಲಿನ ಪಾಳು ಕೋಟೆ, ಎಲ್ಲವೂ ನಗರದ ಪಾಲಾದವು. ಟ್ರಾಮ್ ಹತ್ತುವಾಗ ಜನ ಇವತ್ತಿಗೂ ಪೇಟೆಗೆ ಹೋಗಿ ಬರ್ತೀನಿ ಅಂತಲೇ ಹೇಳುವುದು. ಕೆಟ್ಟದ್ದು ಏನೇ ಆಗಲಿ, ಅದು ಪೇಟೆಯಿಂದ ಬಂದದ್ದು ಎಂದು ಅವರು ಕಣ್ಣು ಮುಚ್ಚಿಕೊಂಡು ನಂಬುತ್ತಾರೆ.

ಊರಿಗೆ ತನ್ನದು ಅಂತ ಉಳಿದದ್ದು ಇಗರ್ಜಿಯ ಗಂಟೆ ಒಂದೇ. ೧೯೪೨ರಲ್ಲಿ ಫಿರಂಗಿಗೆ ಕಂಚು ಬೇಕೆಂದು ಸರ್ಕಾರ ಎಲ್ಲೆಡೆ ಗಂಟೆಗಳನ್ನು ಇಳಿಸುತ್ತಿದ್ದಾಗ, ಮೂವರು ಸೇರಿ ಅದನ್ನು ಸೇಬಿನ ತೋಟದಲ್ಲಿ ಹೂತರು. ಗಂಟೆ ಹೊಡೆಯುತ್ತಿದ್ದ ಬಾರ್ಟ್ಲ್ ಸಾಟ್ಲರ್, ಹಿಟ್ಟಿನ ಗಿರಣಿಯ ಉರ್ಬಾನ್, ಗಾಡಿ ಮಾಡುವ ಕಾಸ್ಪರ್. ವಾರದೊಳಗೆ ಪೊಲೀಸರು ಬಂದು ಮೂವರನ್ನೂ ಎಳೆದೊಯ್ದರು. ಎಷ್ಟು ಹೊಡೆದರೂ ಜಾಗ ಯಾವುದೆಂದು ಅವರು ಬಾಯಿ ಬಿಡಲಿಲ್ಲ. ಗಂಟೆ ಉಳಿಯಿತು. ಅವರು ವಾಪಸು ಬರಲಿಲ್ಲ.

ಬಾರ್ಟ್ಲ್, ಎಂಗೆಲ್‌ಬರ್ಟನ ಅಜ್ಜ. ಇಗರ್ಜಿಯ ಅಂಗಳದಲ್ಲಿ ಸಂಘ ನೆಡಲಿರುವ ಸ್ಮಾರಕದ ಕಲ್ಲಿನ ಮೇಲೆ ಅವನ ಹೆಸರು ನಿಲ್ಲಬೇಕು, ಕಳ್ಳ ಹೆಸರೊಂದೂ ಪಕ್ಕದಲ್ಲಿ ನುಸುಳಬಾರದು. ಇದಕ್ಕಾಗಿಯೇ ಅವನು ಅಧ್ಯಕ್ಷನಾದದ್ದು. ಯಾಕೆಂದರೆ ಯುದ್ಧ ಮುಗಿದದ್ದೇ ತಡ, ಗಂಟೆ ಹೂತವರ ಸಂಖ್ಯೆ ಬೆಳೆಯುತ್ತಲೇ ಹೋಗಿತ್ತು. ಒಬ್ಬನ ಅಪ್ಪ ಹಗ್ಗ ಕೊಟ್ಟಿದ್ದನಂತೆ, ಇನ್ನೊಬ್ಬನ ಮಾವ ಕಾವಲು ನಿಂತಿದ್ದನಂತೆ. ಎಲ್ಲರ ಮಾತೂ ನಿಜವಾಗಿದ್ದರೆ ಆ ತೋಟದಲ್ಲಿ ಗಂಟೆಗೇ ಜಾಗ ಇರುತ್ತಿರಲಿಲ್ಲ. ಅವರನ್ನೆಲ್ಲ ಎಂಗೆಲ್‌ಬರ್ಟ್ ಬೈದು ಓಡಿಸಿದ್ದ. ಹೆಡ್ವಿಗ್ ಮಾತ್ರ ಜಗ್ಗಲಿಲ್ಲ.

ಅವಳ ಅಪ್ಪನನ್ನು ಅವನು ಚೆನ್ನಾಗಿ ಬಲ್ಲ. ಪುಕ್ಕಲ. ಸಾಟ್ಲರ್ ಮನೆಯವರು ಎದುರಾದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ ಮನುಷ್ಯ. ಗಂಟೆ ಬಾರಿಸಿದರೆ ಕಿಟಕಿ ಮುಚ್ಚುತ್ತಿದ್ದ. ಇಂಥವನು ಊರಿನ ಗಂಟೆ ಉಳಿಸಿದನಂತೆ, ಕೇಳಿದರೆ ನಗಬೇಕೋ ಅಳಬೇಕೋ!

ಒಮ್ಮೆ ಅವಳು ಒಂದು ಲಕೋಟೆ ತಂದು ಅವನ ಕೈಗಿಟ್ಟಿದ್ದಳು. "ಬಾಯಲ್ಲಿ ಹೇಳೋಕೆ ನನ್ನಿಂದ ಆಗ್ತಿಲ್ಲ, ಬರೆದಿದ್ದೀನಿ. ಓದು," ಎಂದಿದ್ದಳು.

ನಿಮ್ಮಪ್ಪನ ಪರಾಕ್ರಮ ಓದೋಕೆ ನನಗೆ ಪುರುಸೊತ್ತಿಲ್ಲ ಎಂದು ಅವನು ಅದನ್ನು ಅವಳೆದುರೇ ಒಲೆಗೆ ಹಾಕಿದ್ದ. ಅವಳ ಮುಖ ಕೆಂಪಗಾಗಿತ್ತು. ಮುಂದಿನ ತಿಂಗಳು ಮತ್ತೆ ಹಾಜರು.

ಈ ಸಲ ಕಲ್ಲು ಕೆತ್ತುವ ದಿನ ಗೊತ್ತಾಗಿತ್ತು. ಹೆಡ್ವಿಗ್ ಪತ್ರಿಕೆಯವರ ಬಳಿಗೆ ಹೋಗುತ್ತೇನೆ ಎಂದಳು. ಸಂಘದವರು ಹೆದರಿದರು. ಒಂದು ಹೆಸರು ತಾನೇ, ಹಾಕಿ ಬಿಸಾಕು ಮಾರಾಯ, ಪೇಟೆಯವರ ಮುಂದೆ ನಮ್ಮ ಮಾನ ಹರಾಜಾಗುವುದು ಬೇಡ ಎಂದು ಅವನನ್ನೇ ಹಿಡಿದುಕೊಂಡರು. ಎಂಗೆಲ್‌ಬರ್ಟ್ ಹಲ್ಲು ಕಚ್ಚಿ ಒಪ್ಪಿದ.

"ಏನು ಮಾಡಿದರು ಅಂತಲೂ ಬರೀಬೇಕು," ಎಂದಳು ಹೆಡ್ವಿಗ್.

"ಜಾಗ ಇಲ್ಲ. ಹೆಸರು ಹಾಕಿಸ್ತೀನಿ, ತೆಪ್ಪಗಿರು."

"ಬರೀದೆ ಹೋದ್ರೆ ಅಲ್ಲೇ ನಿಂತು ಹೇಳ್ತೀನಿ. ಆಮೇಲೆ ನನ್ನ ಬೈಬೇಡ."

ಹೇಳಿಕೋ ಹೋಗೇ, ಮೆರೆದು ಸಾಯಿ ಎಂದು ಅವನು ಎದ್ದು ಹೋದ.

ಭಾನುವಾರ ಪೂಜೆ ಮುಗಿಯುತ್ತಲೇ ಇಗರ್ಜಿಯ ಅಂಗಳ ತುಂಬಿತು. ಅಗ್ನಿಶಾಮಕ ದಳದವರು ಸಮವಸ್ತ್ರದಲ್ಲಿ ಸಾಲಾಗಿ ನಿಂತರು. ವಾದ್ಯದವರು ಊದಿದರು. ಎಂಗೆಲ್‌ಬರ್ಟ್ ಮೈಕು ಹಿಡಿದು ಅಜ್ಜನ ಬಗ್ಗೆ ಮಾತಾಡಿದ. ಅಜ್ಜಿ ಮೂರು ಮಕ್ಕಳನ್ನು ಕಟ್ಟಿಕೊಂಡು ಪಟ್ಟ ಪಾಡು ಹೇಳುವಾಗ ಸಿಟ್ಟು ಉಕ್ಕಿತು. ಮೂವರನ್ನು ಹಿಡಿದುಕೊಟ್ಟ ದ್ರೋಹಿ ಯಾರೋ ಪೇಟೆಯವನೇ, ಮಿಟರ್‌ಬಾಖ್‌ನ ಅನ್ನ ತಿಂದವನು ಅಂಥ ಕೆಲಸ ಮಾಡುವುದಿಲ್ಲ ಎಂದು ಗುಡುಗಿದ. ಜೋರಾಗಿ ಚಪ್ಪಾಳೆ ಬಿತ್ತು. ಹೆಡ್ವಿಗ್ ಮಾತ್ರ ಕೈ ಎತ್ತಲಿಲ್ಲ.

ಕಲ್ಲಿಗೆ ಹೊದಿಸಿದ್ದ ಬಟ್ಟೆ ಸರಿಯಿತು. ಬಾರ್ಟ್ಲ್, ಉರ್ಬಾನ್, ಕಾಸ್ಪರ್. ಅದೇ ಸಾಲಿನಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಫ್ಲೋರಿಯಾನ್ ಟ್ರುಮರ್. ಮೇಲೆ, ಊರಿಗಾಗಿ ಜೀವ ಪಣಕ್ಕಿಟ್ಟವರು ಎಂಬ ಒಕ್ಕಣೆ.

ಹೆಡ್ವಿಗ್ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಇವರ ಸಾಲಲ್ಲಿ ಹಾಕಿಸಿದ್ಯಾ?"

ಎಂಗೆಲ್‌ಬರ್ಟನ ಪಿತ್ತ ನೆತ್ತಿಗೇರಿತು. ನೀನೇ ಅಲ್ವೇನೇ ಹನ್ನೊಂದು ವರ್ಷ ನನ್ನ ಪ್ರಾಣ ಹಿಂಡಿದ್ದು, ಇನ್ನೇನು ಕೊಡಬೇಕು ನಿಮ್ಮಪ್ಪನಿಗೆ ಎಂದು ಮೈಕಿನಲ್ಲೇ ಕೂಗಿದ. ಇಡೀ ಅಂಗಳಕ್ಕೆ ಕೇಳಿಸಿತು. ಹೆಡ್ವಿಗ್ ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ಈ ಮೂರು ಹೆಸರನ್ನು ಮೊಟ್ಟಮೊದಲು ಬರೆದವರು ನಮ್ಮಪ್ಪ, ಪೊಲೀಸರಿಗೆ ಹಾಕಿದ ಕಾಗದದಲ್ಲಿ."